ಅಣ್ಣ ಬರೆದ ಸರಿ, ತಮ್ಮನನ್ನು ಕೇಳಿದನಾ?

ಮಾನ್ಯರೇ,

ಅಮೆರಿಕದ ಡೇವ್ ಎಗ್ಗರ್ಸ್ ಬರೆದ ‘ಎ ಹಾರ್ಟ್‌ಬ್ರೇಕಿಂಗ್ ವರ್ಕ್ ಆಫ್ ಸ್ಟ್ಯಾಗರಿಂಗ್ ಜೀನಿಯಸ್’ ಎಂಬ ಆತ್ಮಕಥನದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬರಹ ಬಂದಿತ್ತು. ಅದಕ್ಕೆ ಇಬ್ಬರು ಓದುಗರ ಪತ್ರಗಳನ್ನೂ ನೋಡಿದೆ. ಒಬ್ಬರು, ಹೆತ್ತವರ ಸಾವನ್ನು ಇಟ್ಟುಕೊಂಡು ಶೋಕಿ ಮಾಡಿದ್ದಾನೆ ಎಂದಿದ್ದಾರೆ. ಇನ್ನೊಬ್ಬರು ರಾತ್ರಿಯೆಲ್ಲ ಅತ್ತರಂತೆ. ಇದೇ ಜಗಳ ನಮ್ಮ ಮನೆಯಲ್ಲೂ ನಡೆದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಾಸನದಲ್ಲಿ ಸ್ಟೇಷನರಿ ಅಂಗಡಿ ಇಟ್ಟವನು. ಇಂಗ್ಲಿಷ್ ಓದುವುದು ನಿಧಾನ. ಪುಸ್ತಕ ತಂದುಕೊಟ್ಟವನು ಬೆಂಗಳೂರಿನಲ್ಲಿರುವ ತಮ್ಮ. “ಓದು ಅಣ್ಣ, ಆಮೇಲೆ ಮಾತಾಡೋಣ” ಎಂದಷ್ಟೇ ಹೇಳಿ ಹೋದ. ಯಾಕೆಂದು ಮೊದಲ ಅಧ್ಯಾಯದಲ್ಲೇ ಗೊತ್ತಾಯಿತು. ಎಗ್ಗರ್ಸ್‌ಗೆ 21 ವರ್ಷವಾಗಿದ್ದಾಗ ಅಪ್ಪ, ಅಮ್ಮ ಇಬ್ಬರೂ ಸುಮಾರು ಐದು ವಾರಗಳ ಒಳಗೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಎಂಟು ವರ್ಷದ ತಮ್ಮನನ್ನು ಕರೆದುಕೊಂಡು ಈತ ಇಲಿನಾಯ್‌ನಿಂದ ಕ್ಯಾಲಿಫೋರ್ನಿಯಾಗೆ ಹೋಗಿ ಸಾಕಿದ. ನಮ್ಮಲ್ಲಿ 1993ರಲ್ಲಿ ಅಪ್ಪ ಹೋಗಿ ನಾಲ್ಕು ತಿಂಗಳಿಗೆ ಅಮ್ಮ ಹೋದರು. ಆಗ ನನಗೆ 23, ತಮ್ಮನಿಗೆ 10. ಅಪ್ಪನ ಅಂಗಡಿ ಇತ್ತು, ನಾವು ಎಲ್ಲಿಗೂ ಹೋಗಲಿಲ್ಲ.

ಪುಸ್ತಕ ಒಂಥರಾ ವಿಚಿತ್ರ. ‘ಎದೆ ಒಡೆಯುವಂಥ, ದಂಗುಬಡಿಸುವ ಪ್ರತಿಭೆಯ ಕೃತಿ’ ಅಂತ ತನ್ನ ಪುಸ್ತಕಕ್ಕೆ ತಾನೇ ಹೆಸರಿಟ್ಟುಕೊಂಡಿದ್ದಾನೆ. ಕತೆ ಶುರುವಾಗುವ ಮೊದಲೇ ಪುಟಗಟ್ಟಲೆ ಮುನ್ನುಡಿ, ಕೃತಜ್ಞತೆ. ಯಾವ ಯಾವ ಭಾಗ ಬಿಟ್ಟು ಓದಬಹುದು ಅಂತ ಲೇಖಕನೇ ಹೇಳುತ್ತಾನೆ. ಅಲ್ಲೇ ಒಂದು ಸ್ಟೇಪ್ಲರ್ ಚಿತ್ರ, ಸುಮ್ನೆ. ದಿನಾ ಸ್ಟೇಪ್ಲರ್ ಮಾರುವ ನನಗೆ ನಗು ಬಂತು. ಸಂಜೆ ಪೇಪರ್ ಓದಲು ಅಂಗಡಿಗೆ ಬರುವ ನಿವೃತ್ತ ಮೇಷ್ಟ್ರಿಗೆ ತೋರಿಸಿದರೆ ಅವರಿಗೆ ಸಿಟ್ಟು ಬಂತು.

“ನಮ್ಮ ಸಂತೇಶಿವರದ ಭೈರಪ್ಪನವರೂ ಪ್ಲೇಗಿಗೆ ತಾಯಿ, ಒಡಹುಟ್ಟಿದವರನ್ನ ಕಳಕೊಂಡವರೇ ಕಣಯ್ಯ. ಆತ್ಮಕತೆ ‘ಭಿತ್ತಿ’ ಬರೆದಾಗ ಹಿಂಗೆ ಕುಣಿದರಾ?” ಎಂದರು. ಎಗ್ಗರ್ಸ್ ಪುಸ್ತಕ ಪುಲಿಟ್ಜರ್ ಬಹುಮಾನದ ಕೊನೆಯ ಸುತ್ತಿಗೆ ಹೋಗಿತ್ತಂತೆ ಮೇಷ್ಟ್ರೇ ಎಂದೆ. “ಹೋಗ್ಲಿ ಬಿಡು” ಎಂದು ಪೇಪರ್ ಮಡಚಿಟ್ಟರು.

ಮೇಷ್ಟ್ರ ಮಾತು ಪೂರಾ ತಪ್ಪಲ್ಲ. ಗೆಳೆಯರ ಜೊತೆ ಪತ್ರಿಕೆ ನಡೆಸಿದ ಕತೆ ಅತಿಯಾಯಿತು, ಲೇಖಕನ ಅಪ್ಪಣೆಯ ಮೇಲೇ ಹಾರಿಸಿದೆ. ಆದರೆ ಶುರುವಿನಲ್ಲಿ, ಸೋಫಾ ಮೇಲೆ ಮಲಗಿದ ತಾಯಿಗೆ ಮೂಗಿನಿಂದ ರಕ್ತ ನಿಲ್ಲುವುದೇ ಇಲ್ಲ. ಮಗ ಮೂಗು ಹಿಡಿದು ಕೂತಿದ್ದಾನೆ, ಎದುರಿಗೆ ಟಿವಿ ಓಡುತ್ತಿದೆ. ಕಾಯಿಲೆ ಇರುವ ಮನೆ ಇರುವುದೇ ಹಾಗೆ. ಕೊನೆಯ ಹೊತ್ತಿಗೆ ಅಮ್ಮನ ಬೂದಿಯನ್ನು ಮಿಷಿಗನ್ ಸರೋವರಕ್ಕೆ ಎಸೆಯುವಾಗಲೂ, ತಾನು ಮಾಡುತ್ತಿರುವುದು ದೊಡ್ಡದೋ ಅಸಹ್ಯವೋ ಅಂತ ಆತ ಲೆಕ್ಕ ಹಾಕುತ್ತಲೇ ಇರುತ್ತಾನೆ. ಆ ಪುಟ ಓದಿ ಪುಸ್ತಕವನ್ನು ಗಲ್ಲಾ ಮೇಲೆ ಮಗುಚಿಟ್ಟು ಹೊರಗೆ ಬಂದು ನಿಂತೆ.

ಅಮ್ಮನ ಅಸ್ಥಿ ಬಿಡಲು ನಾವು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆವು. ಮಣ್ಣಿನ ಕುಡಿಕೆ, ಬಾಯಿಗೆ ಬಿಳಿ ಬಟ್ಟೆ. ಅದನ್ನು ನಮ್ಮ ಅಂಗಡಿಯ ಹೆಸರು ಅಚ್ಚಾದ ಚೀಲದಲ್ಲಿ ಇಟ್ಟಿದ್ದೆ, ಬೇರೆ ಚೀಲ ಸಿಗಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ “ಲಗೇಜ್ ಮೇಲಿಡಿ” ಎಂದ. ಅದು ಏನು ಅಂತ ಹೇಳಲು ಬಾಯಿ ಬರಲಿಲ್ಲ. ಮೈಸೂರು ಬರುವವರೆಗೂ ತೊಡೆಯ ಮೇಲೇ ಇಟ್ಟುಕೊಂಡೆ. ನೀರಿಗಿಳಿದು ಮೂರು ಸಲ ಮುಳುಗಿ ಏಳುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅಮ್ಮ ಅಲ್ಲ. ದಡದಲ್ಲಿ ಸೋದರಮಾವ ನಿಂತಿದ್ದಾರೆ, ನಾನು ಸಾಕಷ್ಟು ಅಳುತ್ತಿದ್ದೇನಾ, ಅವರಿಗೆ ಕಾಣಿಸುತ್ತಿದೆಯಾ ಅಂತ. ಆಮೇಲೆ ಹೋಟೆಲಿನಲ್ಲಿ ತಮ್ಮ ಎರಡು ಮಸಾಲೆ ದೋಸೆ ತಿಂದ. ನಾನು ದುಡ್ಡು ಎಣಿಸುತ್ತಾ ಕೂತಿದ್ದೆ.

ಹೀಗೆ ನನ್ನನ್ನು ನಾನೇ ನೋಡಿಕೊಂಡದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಎಗ್ಗರ್ಸ್ ಹೇಳಿಬಿಟ್ಟಿದ್ದಾನೆ. ಅದನ್ನು ಶೋಕಿ ಅನ್ನುವವರಿಗೆ ಏನು ಹೇಳಲಿ?

ತಮ್ಮನ ತಕರಾರು ಬೇರೆ. ಪುಸ್ತಕದಲ್ಲಿ ಒಂದು ಕಡೆ ಆ ಹುಡುಗ ಇದ್ದಕ್ಕಿದ್ದಂತೆ ದೊಡ್ಡವರ ಹಾಗೆ ಮಾತಾಡಿ ಅಣ್ಣನನ್ನು ತರಾಟೆಗೆ ತಗೊಳ್ಳುತ್ತಾನೆ. ನನಗೆ ಅದು ತುಂಬಾ ಹಿಡಿಸಿತ್ತು. ಫೋನಿನಲ್ಲಿ ಹೇಳಿದೆ. “ಆ ಮಾತು ಬರೆದಿದ್ದೂ ಅಣ್ಣನೇ ಅಲ್ವಾ? ಬೈಸಿಕೊಳ್ಳೋದನ್ನೂ ತಾನೇ ಬರಕೊಂಡಿದ್ದಾನೆ. ಎಂಟು ವರ್ಷದ ಹುಡುಗ, ಅವನನ್ನ ಯಾರು ಕೇಳಿದ್ರು?” ಎಂದ. ಇಷ್ಟು ಜೋರಾಗಿ ಅವನು ನನ್ನ ಜೊತೆ ಮಾತಾಡಿದ್ದು ಕಡಿಮೆ.

ಸಮಾಧಾನ ಮಾಡೋಣ ಅಂತ ಪಶ್ಚಿಮವಾಹಿನಿಯ ದೋಸೆ ನೆನಪು ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

“ಅದು ಅಪ್ಪನ ಸಲ ಅಣ್ಣ. ಅಮ್ಮನ ಸಲ ನನ್ನನ್ನ ಅರಸೀಕೆರೆ ಚಿಕ್ಕಮ್ಮನ ಮನೇಲಿ ಬಿಟ್ಟು ಹೋಗಿದ್ದೆ. ನನಗೆ ಪರೀಕ್ಷೆ ಇದೆ ಅಂತ ಎಲ್ಲರಿಗೂ ನೀನೇ ಹೇಳಿದ್ದೆ. ಪರೀಕ್ಷೆ ಇರಲಿಲ್ಲ.”

ನನಗೆ ಇವತ್ತಿಗೂ ಅವನು ಆ ಮೇಜಿನ ಎದುರು ಕೂತಿರುವುದೇ ಕಾಣುತ್ತದೆ, ಗಲ್ಲಕ್ಕೆ ಕೆಂಪು ಚಟ್ನಿ ಮೆತ್ತಿಕೊಂಡು.

ಈ ಪತ್ರ ಕಳಿಸುವ ಮೊದಲು ಅವನಿಗೆ ಓದಿ ಹೇಳಿದೆ. ದೋಸೆ ತೆಗೆದುಬಿಡಲಾ ಎಂದು ಕೇಳಿದೆ. “ಇರ್ಲಿ. ನಾನು ಬಂದಿರಲಿಲ್ಲ ಅಂತಲೂ ಬರಿ” ಎಂದ. ಬರೆದಿದ್ದೇನೆ.

— ಒಬ್ಬ ಓದುಗ, ಹಾಸನ