ಏಲಕ್ಕಿ ಬಿಲ್ಡಿಂಗಿನಲ್ಲಿ ಏಲಕ್ಕಿ ಇಲ್ಲ

ಲಂಡನ್
ಭಾನುವಾರ ರಾತ್ರಿ

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದ್ದೇನೆ. ಚಳಿ ಇನ್ನೂ ಬಿಟ್ಟಿಲ್ಲ. ಚಟ್ನಿಪುಡಿ ಮುಗಿಯುತ್ತಾ ಬಂತು, ಉಪ್ಪಿನಕಾಯಿ ಮಾತ್ರ ಇನ್ನೂ ತಳ ಕಂಡಿಲ್ಲ. ದಿನಾ ಫೋನಿನಲ್ಲಿ ಮಾತಾಡುತ್ತೇವೆ, ಆದರೂ ಇದನ್ನು ಕಾಗದದಲ್ಲೇ ಬರೆಯಬೇಕು ಅನ್ನಿಸಿತು. ಫೋನಿನಲ್ಲಾದರೆ ಅಪ್ಪ "ಸರಿ ಸರಿ, ಊಟ ಆಯ್ತಾ?" ಅಂತ ಮುಗಿಸಿಬಿಡುತ್ತೀರಿ.

ನಿನ್ನೆ ಅಪ್ಪನ ಹಳೇ ಯಾಶಿಕಾ ರೀಲು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಥೇಮ್ಸ್ ದಂಡೆಯಲ್ಲಿ ನಡೆದೆ. ಟವರ್ ಬ್ರಿಜ್‌ನಿಂದ ಶುರು. ಸೇತುವೆಯ ಫೋಟೋ ತೆಗೆಯಲಿಲ್ಲ, ಅದು ಯಾವ ಕ್ಯಾಲೆಂಡರಿನಲ್ಲಾದರೂ ಸಿಗುತ್ತದೆ. ನನಗೆ ಬೇಕಾಗಿದ್ದು ಅದರ ಪಕ್ಕದ ಹಳೇ ದಕ್ಕೆಗಳು.

ದಕ್ಷಿಣ ದಂಡೆಯಲ್ಲಿ ಶಾಡ್ ಥೇಮ್ಸ್ ಅಂತ ಒಂದು ರಸ್ತೆ ಇದೆ. ರಸ್ತೆ ಅನ್ನುವುದಕ್ಕಿಂತ ಸಂದಿ ಅನ್ನಬಹುದು. ಎರಡೂ ಕಡೆ ಎತ್ತರದ ಇಟ್ಟಿಗೆ ಗೋದಾಮುಗಳು. ತಲೆಯ ಮೇಲೆ ಒಂದು ಗೋದಾಮಿನಿಂದ ಎದುರಿನದಕ್ಕೆ ಕಬ್ಬಿಣದ ಕಾಲುಸೇತುವೆಗಳು, ಒಂದರ ಮೇಲೊಂದು, ಓರೆಕೋರೆಯಾಗಿ. ಕೆಳಗಿಳಿಯದೆ ಅಲ್ಲಿಂದಲೇ ಪೀಪಾಯಿ ಉರುಳಿಸಿಕೊಂಡು ಹೋಗುತ್ತಿದ್ದರಂತೆ. ಈ ಗೋದಾಮುಗಳಿಗೆ ಬಟ್ಲರ್ಸ್ ವಾರ್ಫ್ ಅಂತ ಹೆಸರು. 1871ರಿಂದ 1873ರೊಳಗೆ ಕಟ್ಟಿದ್ದು. ಚಹಾ, ಕಾಫಿ, ಸಕ್ಕರೆ, ಮಸಾಲೆ ಸಾಮಾನು ಎಲ್ಲ ಇಲ್ಲಿ ಬಂದು ಬೀಳುತ್ತಿತ್ತು. ಲಂಡನ್ನಿನ ಉಗ್ರಾಣ ಅಂತಲೇ ಈ ದಂಡೆಗೆ ಹೆಸರಿತ್ತು. ಆಮೇಲೆ ಕಂಟೇನರ್ ಹಡಗುಗಳು ಬಂದವು. ಅಷ್ಟು ದೊಡ್ಡ ಹಡಗು ನದಿಯ ಇಷ್ಟು ಒಳಗೆ ಬರುವುದಿಲ್ಲ, ಕೆಲಸವೆಲ್ಲ ಕೆಳಗೆ, ಸಮುದ್ರದ ಕಡೆಗಿರುವ ಟಿಲ್‌ಬರಿ ಬಂದರಿಗೆ ಹೋಯಿತು. 1972ರಲ್ಲಿ ಇಲ್ಲಿ ಬಾಗಿಲು ಹಾಕಿದರು. ಹೆಚ್ಚುಕಡಿಮೆ ಅದೇ ಸಮಯಕ್ಕೆ, 1974ರಲ್ಲಿ, ನಮ್ಮ ಮಂಗಳೂರಿನ ಪಣಂಬೂರಿನಲ್ಲಿ ಹೊಸ ಬಂದರು ಮೇಜರ್ ಪೋರ್ಟ್ ಆಗಿದ್ದು. "ಇನ್ನು ನಮ್ಮ ಹಳೇ ಬಂದರು ಮುಗಿಯಿತು" ಅಂತ ಅಜ್ಜ ಹೇಳುತ್ತಿದ್ದರಲ್ಲ, ಅದೇ ನೆನಪಾಯಿತು.

ಅಮ್ಮಾ, ಈಗ ಇಲ್ಲಿನ ಕಟ್ಟಡಗಳ ಹೆಸರು ಕೇಳು. ಕಾರ್ಡಮಮ್ ಬಿಲ್ಡಿಂಗ್, ಸಿನಮನ್ ವಾರ್ಫ್, ಕ್ಲೋವ್ ಬಿಲ್ಡಿಂಗ್. ಏಲಕ್ಕಿ, ದಾಲ್ಚಿನ್ನಿ, ಲವಂಗ! ನಿನ್ನ ಪಲಾವಿಗೆ ಒಗ್ಗರಣೆ ಹಾಕಿದ ಹಾಗಿದೆ. ಎಲ್ಲ ಫ್ಲ್ಯಾಟುಗಳು, ಆಫೀಸುಗಳು. ಮೂಟೆ ಒಳಗೆಳೆದುಕೊಳ್ಳುವ ಬಾಗಿಲುಗಳೇ ಈಗ ಬಾಲ್ಕನಿ. ಮೊದಮೊದಲು ಬಂದವರಿಗೆ ಇಟ್ಟಿಗೆಯಿಂದ ಇನ್ನೂ ಮಸಾಲೆ ವಾಸನೆ ಬರುತ್ತಿತ್ತು ಅಂತ ಹೇಳುತ್ತಾರೆ. ಸುಮ್ನೆ ನೋಡೋಣ ಅಂತ ಗೋಡೆಗೆ ಮೂಗು ಹಿಡಿದು ಮೂಸಿದೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬರು, ಅವರ ನಾಯಿ, ಇಬ್ಬರೂ ನಿಂತು ನನ್ನನ್ನೇ ನೋಡಿದರು. ಒದ್ದೆ ಇಟ್ಟಿಗೆಯ ವಾಸನೆ, ಅಷ್ಟೇ. ಅಪ್ಪ ಸಂಜೆ ಮಂಡಿಯಿಂದ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಇಡೀ ಚಾವಡಿ ಒಣಮೆಣಸು, ಕೊಬ್ಬರಿ ಅಂತ ಘಮ್ಮೆನ್ನುತ್ತಿತ್ತು. ಅದರ ಕಾಲುಭಾಗವೂ ಇಲ್ಲ.

ಇಲ್ಲೇ ಒಂದು ಎಡವಟ್ಟಾಯಿತು. ಬೈಬೇಡಿ. ಹದಿನಾರು ಫೋಟೋ ತೆಗೆದ ಮೇಲೆ ನೋಡುತ್ತೇನೆ, ರೀಲು ಮುಂದೆ ಹೋದಾಗ ತಿರುಗಬೇಕಾದ ಎಡಗಡೆಯ ತಿರುಪು ತಿರುಗುತ್ತಲೇ ಇಲ್ಲ. ರೀಲು ಹಲ್ಲಿಗೆ ಸಿಕ್ಕೇ ಇರಲಿಲ್ಲ. ಹದಿನಾರೂ ಗಾಳಿಗೆ ಹೋದವು. "ಮೊದಲು ತಿರುಪು ನೋಡು, ಆಮೇಲೆ ಊರು ನೋಡು" ಅಂತ ನೀವು ಎಷ್ಟು ಸಲ ಹೇಳಿದ್ದೀರಿ. ಕೋಟಿನೊಳಗೆ ಕ್ಯಾಮೆರಾ ತೂರಿಸಿ ಮತ್ತೆ ಹಾಕಿದೆ. ವಾಪಸ್ಸು ಹೋಗಿ ಅದನ್ನೇ ತೆಗೆಯಲು ಮನಸ್ಸಾಗಲಿಲ್ಲ. ಬೆಳಕೂ ಬದಲಾಗಿತ್ತು.

ಮುಂದೆ ನೀರಿನ ಮೇಲೆ ಹಳೇ ಸರಕಿನ ದೋಣಿಗಳನ್ನು ಕಟ್ಟಿ ಹಾಕಿ ಅದರ ಮೇಲೆ ತೋಟ ಮಾಡಿದ್ದಾರೆ. ದೋಣಿ ಮೇಲೆ ಮರ! ಅದಕ್ಕೆ ಎರಡು ಫೋಟೋ. ಆಮೇಲೆ ಬರ್ಮಂಡ್ಸಿಯಲ್ಲಿ ನದಿಗೆ ಮುಖ ಮಾಡಿ ಬೆಂಚಿನ ಮೇಲೆ ಕೂತ ಒಬ್ಬ ಡಾಕ್ಟರರ ಕಂಚಿನ ಮೂರ್ತಿ. ಆಲ್‌ಫ್ರೆಡ್ ಸಾಲ್ಟರ್. ದಕ್ಕೆಯ ಕೂಲಿಗಳ ಕೇರಿಯಲ್ಲೇ ಮನೆ ಮಾಡಿ, ಬಡವರಿಗೆ ದುಡ್ಡಿಲ್ಲದೆ ಔಷಧಿ ಕೊಟ್ಟವರು. ಅದೇ ಕೇರಿಯಲ್ಲಿ ಹರಡಿದ ಜ್ವರ ಅವರ ಒಬ್ಬಳೇ ಮಗಳಿಗೂ ಬಂತು. 1910ರಲ್ಲಿ ಹೋದಳು, ಎಂಟು ವರ್ಷ. ಮೂರ್ತಿಯಲ್ಲಿ ಡಾಕ್ಟರು ಮುದುಕರು, ಮಗಳು ಮಾತ್ರ ಇನ್ನೂ ಚಿಕ್ಕವಳು, ದಂಡೆಯ ಗೋಡೆಗೆ ಒರಗಿ ನಿಂತಿದ್ದಾಳೆ. ಗೋಡೆಯ ಮೇಲೆ ಬೆಕ್ಕು. 2011ರಲ್ಲಿ ಡಾಕ್ಟರ ಮೂರ್ತಿಯನ್ನು ಯಾರೋ ಕದ್ದುಬಿಟ್ಟರು. ಊರಿನವರು ದುಡ್ಡು ಕೂಡಿಸಿ 2014ರಲ್ಲಿ ಮತ್ತೆ ಕೂರಿಸಿದರು, ಈ ಸಲ ಹೆಂಡತಿ ಏಡಾ ಜೊತೆಗೆ. ಅವರ ಕೈಯಲ್ಲಿ ಗುದ್ದಲಿ, ಏಕೆಂದರೆ ಕೇರಿ ತುಂಬ ಗಿಡ ನೆಡಿಸಿದವರು ಅವರೇ. ನಾನು ಬೆಂಚಿನಲ್ಲಿ ಡಾಕ್ಟರ ಪಕ್ಕ ಕೂತು ತಂದಿದ್ದ ಚಪಾತಿ ತಿಂದೆ.

ರಾದರ್‌ಹೈತ್‌ನಿಂದ ರೈಲು ಹತ್ತಿದರೆ ನದಿಯ ಅಡಿಯಲ್ಲೇ ಹೋಗಿ ಆಚೆ ದಂಡೆಯ ವ್ಯಾಪಿಂಗ್‌ನಲ್ಲಿ ಇಳಿಯಬಹುದು. 1843ರಲ್ಲಿ ತೆರೆದ ಸುರಂಗ ಅದು. ವ್ಯಾಪಿಂಗ್‌ನಲ್ಲಿ ಮನೆಗಳ ನಡುವೆ ಕಿರಿದಾದ ಓಣಿ, ಓಣಿಯ ಕೊನೆಗೆ ಪಾಚಿ ಹಿಡಿದ ಕಲ್ಲಿನ ಮೆಟ್ಟಿಲು, ನೇರ ನದಿಗೆ. ಇಳಿತದ ಹೊತ್ತು. ನಮ್ಮ ಅಳಿವೆ ಬಾಗಿಲಿನಲ್ಲಿ ಎರಡು ಮೀಟರೂ ಏರುವುದಿಲ್ಲ, ಇಲ್ಲಿ ನೀರು ಏಳು ಮೀಟರ್‌ವರೆಗೂ ಏರಿ ಇಳಿಯುತ್ತದೆ, ದಿನಕ್ಕೆ ಎರಡು ಸಲ. ಕೆಳಗೆ ಇಟ್ಟಿಗೆ ಚೂರು, ಚಿಪ್ಪು, ತುಕ್ಕು ಹಿಡಿದ ಮೊಳೆ. ನಡುನಡುವೆ ಬೆಳ್ಳಗೆ ಸೀಮೆಸುಣ್ಣದ ತುಂಡಿನ ಥರ ಏನೋ. ಬಗ್ಗಿ ನೋಡಿದರೆ ಮಧ್ಯದಲ್ಲಿ ಸೂಜಿಯಷ್ಟು ತೂತು. ಹಳೇ ಕಾಲದವರು ಹೊಗೆಸೊಪ್ಪು ಸೇದಿ ಎಸೆದ ಮಣ್ಣಿನ ಚುಟ್ಟಾಕೊಳವೆ! ಎತ್ತಿಕೊಳ್ಳುವ ಹಾಗಿಲ್ಲ, ಅದಕ್ಕೆ ಪರ್ಮಿಟ್ ಬೇಕು. ಅದರದ್ದೇ ಐದು ಫೋಟೋ ತೆಗೆದೆ. ಗೋದಾಮುಗಳಿಗೆ ಬಣ್ಣ ಹೊಡೆದು, ಹೆಸರು ಬರೆದು, ಚೆನ್ನಾಗಿಯೇ ಉಳಿಸಿದ್ದಾರೆ. ಆದರೆ ಅಲ್ಲಿ ದುಡಿದವರದ್ದು ಅಂತ ನನಗೆ ಕಂಡಿದ್ದು ಈ ತುಂಡುಗಳು ಮಾತ್ರ.

ರಾತ್ರಿ ಮಲಗಿದಾಗ ಹೊಳೆಯಿತು, ನಮ್ಮ ಬಂದರಿನ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. ಅಲ್ಲೂ ನದಿ ದಂಡೆ ಚಂದ ಮಾಡುವ ಕೆಲಸ ಶುರುವಾಗಿದೆ ಅಂತ ನೀವೇ ಹೇಳಿದ್ದಿರಿ. ಅಪ್ಪಾ, ಒಂದು ದಿನ ತಮ್ಮನನ್ನು ಕರೆದುಕೊಂಡು ಹೋಗಿ. ಸೂರ್ಯಾಸ್ತ ಎಲ್ಲ ಬೇಡ, ಅದನ್ನು ಅವನು ಜಾಸ್ತಿ ತೆಗೆಯುತ್ತಾನೆ. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ದೋಣಿಗೆ ಮೂಟೆ ಹೇರುವುದು, ಕೊಕ್ಕೆ, ತಕ್ಕಡಿ, ಹಲಗೆಯ ಮೇಲೆ ನಡೆಯುವವರ ಕಾಲು, ಇಷ್ಟು ಬೇಕು. ನಿಮ್ಮ ಮಂಡಿಯ ಒಳಗೋಡೆಯಲ್ಲಿ ನೀವು ಸೀಮೆಸುಣ್ಣದಲ್ಲಿ ಐದೈದು ಗೆರೆ ಹಾಕಿ ಮೂಟೆ ಎಣಿಸುತ್ತಿದ್ದ ಜಾಗ ಇತ್ತಲ್ವಾ, ಸುಣ್ಣ ಬಳಿದಿಲ್ಲ ಅಂದರೆ ಅದರದ್ದೂ ಒಂದು. ಫ್ಲಾಶ್ ಹಾಕಿಸಬೇಡಿ, ಬಾಗಿಲು ಪೂರ್ತಿ ತೆರೆದಿಟ್ಟರೆ ಸಾಕು.

ಇತಿ ನಿಮ್ಮ,
ಮಗಳು