ಡ್ರಾಯರ್‌ನಲ್ಲಿರುವ ಎರಡು ಕವರ್

ಚಿಂತಾಮಣಿ
ಭಾನುವಾರ

ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬುಧವಾರ ಸಿಕ್ಕಿತು. ಮನೆ ಕಡೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರ್ತಾಳೆ, ಅದನ್ನು ಮತ್ತೆ ಬರೆಯೋದಿಲ್ಲ. ನಾಲ್ಕು ಪುಟ ಬರೆದಿದ್ದೀಯ. ರೂಮು, ಮೆಸ್ಸಿನ ಊಟ, ಸಾಹೇಬರ ಸ್ವಭಾವ, ಎಲ್ಲ ಓದಿದೆ. ಆದರೆ ಮೂರನೇ ಪುಟದ ಕೊನೆಯಲ್ಲಿ ಎರಡು ಸಾಲು ಇದೆಯಲ್ಲ, ಅಲ್ಲಿಗೆ ಬಂದು ನಿಂತವಳು ಇನ್ನೂ ಅಲ್ಲೇ ಇದ್ದೀನಿ.

"ವಾಪಸ್ ಬಂದ ಕವರ್ ಡ್ರಾಯರ್‌ನಲ್ಲಿ ಇಟ್ಟಿದ್ದೀನಿ. ಪ್ರೊಬೇಷನ್ ಮುಗಿಯೋದರೊಳಗೆ ಯಾರಿಗಾದರೂ ಗೊತ್ತಾದರೆ ನನ್ನ ಗತಿ ಏನು ದೊಡ್ಡಮ್ಮ?"

ನಾನು ಅರ್ಥ ಮಾಡಿಕೊಂಡಿದ್ದು ಸರಿಯಾ ನೋಡು. ಕೆಲಸದಿಂದ ತೆಗೆದುಹಾಕಿದರು ಅಂತ ಒಬ್ಬ ಹುಡುಗ ಕೋಲಾರದ ನಿಮ್ಮ ಕಾರ್ಮಿಕ ಕಚೇರಿಗೆ ಅರ್ಜಿ ಕೊಟ್ಟ. ವಿಳಾಸದಲ್ಲಿ ಊರ ಹೆಸರು ಬರೆದು 'ಮು. ತಾ.' ಅಂತ ಹಾಕಿದ್ದ. ಆ ಹೆಸರಿನ ಹಳ್ಳಿ ನಮ್ಮ ಕಡೆ ತಾಲ್ಲೂಕಿಗೊಂದು ಇದೆ. ನೀನು ಅದನ್ನು 'ಮಾ' ಅಂತ ಓದಿ ಮಾಲೂರು ತಾಲ್ಲೂಕು ಅಂತ ಟೈಪ್ ಮಾಡಿದೆ. ಕಂಪನಿಯವರ ಜೊತೆ ಸಂಧಾನದ ಮಾತುಕತೆಗೆ ಬಾ ಅಂತ ಮುಳಬಾಗಿಲಿಗೆ ಹೋಗಬೇಕಾದ ನೋಟಿಸು ಮಾಲೂರಿಗೆ ಹೋಯಿತು. ಎರಡನೇ ನೋಟಿಸನ್ನೂ ಮೊದಲನೆಯದನ್ನು ನೋಡಿಕೊಂಡೇ ಮಾಡಿದೆ. ಒಂದು ಕೊಂಬು ಇಳಿಯಾಯಿತು, ಅಷ್ಟೇ. ಕಂಪನಿಯವರು ಎರಡೂ ಸಲ ಬಂದು ಸಹಿ ಹಾಕಿ ಹೋದರು. 'ಅರ್ಜಿದಾರರು ಗೈರು' ಅಂತ ಬರೆದು ಕಡತ ಮುಗಿಸಿದರು. ಆಮೇಲೆ ಕವರ್ ವಾಪಸ್ ಬಂದವು. ನೀನು ಅದನ್ನು ಬಿಚ್ಚದೆ ಡ್ರಾಯರ್‌ಗೆ ಹಾಕಿದೆ. ಪಕ್ಕದ ಮೇಜಿನವರು ನೋಡಿ, ಸುಮ್ನಿರು, ಇಂಥವು ಎಷ್ಟೋ ಆಗಿವೆ ಅಂದರು.

ಅವರು ಹಾಗಂದದ್ದು ನಿನ್ನ ಮೇಲಿನ ಕರುಣೆಯಿಂದಲೇ ಇರಬಹುದು. ನನಗೂ ಹಾಗೆ ಹೇಳಿದವರಿದ್ದರು. ಆದರೂ ಆ ಮಾತು ಓದಿದಾಗ ನನಗೆ ಹೊಟ್ಟೆಯಲ್ಲಿ ಏನೋ ತಿರುವಿದ ಹಾಗಾಯಿತು.

ನಿನ್ನಮ್ಮನಿಗೆ ನಿನ್ನ ಕೆಲಸ ಅಂದರೆ ಬೇರೆಯೇ ಭಯ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಗಲಾಟೆಯಾಗಿ ಗಾಜೆಲ್ಲ ಪುಡಿಯಾಯಿತಲ್ಲ, ಅದನ್ನು ಟಿವಿಯಲ್ಲಿ ನೋಡಿದ್ದು ಅವಳ ತಲೆಯಲ್ಲಿ ಕೂತಿದೆ. ಕಾರ್ಮಿಕರ ಆಫೀಸು ಅಂದರೆ ಕಲ್ಲು ಬೀಳುತ್ತೆ ಅಂತಲೇ ಅವಳ ಲೆಕ್ಕ. ನನಗೆ ಆ ಭಯ ಇಲ್ಲ. ನಾನೂ ಅಂಥದ್ದೇ ಆಫೀಸಿನಲ್ಲಿ ಕೆಲಸ ಮಾಡಿದ ಅಷ್ಟು ವರ್ಷದಲ್ಲಿ ನನ್ನ ಮೇಜಿನ ಮುಂದೆ ಕೂಗಾಡಿದವರು ಇದ್ದಾರೆ, ಅತ್ತವರು ಜಾಸ್ತಿ ಇದ್ದಾರೆ, ಕೈ ಎತ್ತಿದವರು ಒಬ್ಬರೂ ಇಲ್ಲ. ನನಗೆ ಭಯ ಆಗಿರೋದು ಆ ಡ್ರಾಯರ್ ಕಂಡು.

ಯಾರಿಗಾದರೂ ಗೊತ್ತಾದರೆ ಅಂತ ನೀನು ಕೇಳಿದ್ದೀಯ. ಗೊತ್ತಾದರೆ ಏನಾಗುತ್ತೆ ಅಂತ ನನ್ನ ಅನುಭವದ್ದೊಂದು ಹೇಳ್ತೀನಿ.

ನೀನು ಹುಟ್ಟುವ ಮೊದಲಿನ ಮಾತು. ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಿಟ್ಟ ಒಬ್ಬರ ಗ್ರಾಚ್ಯುಟಿ, ಅಂದರೆ ಕೆಲಸ ಬಿಟ್ಟಾಗ ಸೇವೆಯ ವರ್ಷ ನೋಡಿ ಕೊಡೋ ದುಡ್ಡಿನ ಲೆಕ್ಕ ನನ್ನ ಕೈಗೆ ಬಂತು. ತಿಂಗಳ ಸಂಬಳ 1,300 ರೂಪಾಯಿ, ಸೇವೆ 20 ವರ್ಷ. ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ವರ್ಷಗಳಿಂದ ಗುಣಿಸಬೇಕು. ನಾನು ತಿಂಗಳಿಗೆ 30 ದಿನ ಅಲ್ವಾ ಅಂತ 30ರಿಂದ ಭಾಗಿಸಿದ್ದೆ. 15,000 ಬರಬೇಕಾದ ಕಡೆ 13,000 ಬಂತು. ಆದೇಶ ಟೈಪ್ ಆಗಿ ಸಾಹೇಬರ ಮೇಜಿಗೂ ಹೋಯಿತು. ರಾತ್ರಿ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಕೂತಿದ್ದೆ. ಇದ್ದಕ್ಕಿದ್ದ ಹಾಗೆ 26 ಅನ್ನೋದು ನೆನಪಾಯಿತು. ಜರಡಿ ಅಲ್ಲೇ ಬಿಟ್ಟು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಮತ್ತೆ ಲೆಕ್ಕ ಹಾಕಿದೆ. ಕೈಯ ಹಿಟ್ಟು ಹಾಳೆಗೆಲ್ಲ ಅಂಟಿತು.

ಬೆಳಿಗ್ಗೆ ಸಾಹೇಬರು ಬರುವುದಕ್ಕೆ ಮುಂಚೆಯೇ ಬಾಗಿಲಲ್ಲಿ ನಿಂತಿದ್ದೆ. ಹೇಳಿದೆ. ಬೈದರು. ನಿಮ್ಮನ್ನು ನಂಬಿ ಸಹಿ ಹಾಕಿದ್ದರೆ ಏನಮ್ಮಾ ಗತಿ ಅಂದರು. ಕಾಲು ನಡುಗುತ್ತಿತ್ತು, ಕಣ್ಣಲ್ಲಿ ನೀರು ಬಂತು. ಹತ್ತು ನಿಮಿಷ ಇರಬಹುದು. ಆಮೇಲೆ ಬೇರೆ ಹಾಳೆಯಲ್ಲಿ ಮಾಡಿಕೊಂಡು ಬನ್ನಿ ಅಂದರು. ಅಷ್ಟೇ ಆಗಿದ್ದು, ಪುಟ್ಟ. ಮಧ್ಯಾಹ್ನ ಊಟಕ್ಕೆ ಕೂತಾಗ ಹಸಿವಾಗಿತ್ತು. ಆ ಹಸಿವು ನನಗೆ ಇವತ್ತಿಗೂ ನೆನಪಿದೆ.

ಇನ್ನೊಂದು ಇದೆ. ಇದನ್ನು ನಾನು ನಿನ್ನ ದೊಡ್ಡಪ್ಪನಿಗೂ ಹೇಳಿರಲಿಲ್ಲ. ಈಗ ಅವರೂ ಇಲ್ಲ.

ಕೆಜಿಎಫ್‌ನ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆ ಬೇಸಿಗೆಯಲ್ಲಿ ಒಬ್ಬರು ಬಂದರು. ಐವತ್ತೈದರ ಆಸುಪಾಸಿನ ಮನುಷ್ಯ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡಿದ್ದರು. ಊಟದ ಹೊತ್ತು. ನಾನು ಡಬ್ಬಿ ಬಿಚ್ಚಿ ಕಲಸಿಕೊಂಡಿದ್ದೆ. ಅವರದು ತಮಿಳು, ನನಗೆ ಬರೋದು ಕನ್ನಡ ತೆಲುಗು. ಗಣಿ ಲೆಕ್ಕ, ಸರ್ವಿಸ್ ಲೆಕ್ಕ ಅನ್ನೋದು ಮಾತ್ರ ತಿಳಿಯಿತು.

ಗಣಿ ಅಂದರೆ ಕೇಂದ್ರದ ವ್ಯಾಪ್ತಿ. ಅದರ ಮೇಲೆ ಭಾರತ್ ಗೋಲ್ಡ್ ಮೈನ್ಸ್ ಕೇಂದ್ರ ಸರ್ಕಾರದ್ದೇ ಕಂಪನಿ. ರಾಜ್ಯದ ಕಾರ್ಮಿಕ ಕಚೇರಿ ಆ ಅರ್ಜಿ ತಗೊಳ್ಳೋ ಹಾಗೇ ಇರಲಿಲ್ಲ. ಹಾಗಾಗಿ "ನಮಗೆ ಬರಲ್ಲ, ಸೆಂಟ್ರಲ್‌ಗೆ ಹೋಗಿ" ಅಂದೆ. ಅವರು "ಸೆಂಟ್ರಲ್?" ಅಂದರು. "ಬೆಂಗಳೂರು" ಅಂದೆ. ಅವರು ಎಡಗೈ ಅಂಗೈ ಚಾಚಿ ಅದರ ಮೇಲೆ ಬಲಗೈ ಬೆರಳಿನಿಂದ ಬರೆದು ತೋರಿಸಿದರು. "ಎಳುದಿ ಕುಡುಂಗಮ್ಮಾ." ಬರೆದುಕೊಡಿ ಅಂತ. ಅದು ಅರ್ಥ ಆಗದೆ ಇರುವಂಥ ಮಾತಲ್ಲ. ನಾನು ಎಂಜಲು ಕೈ ತೋರಿಸಿ, ಹೋಗಿ ಹೋಗಿ, ಅಲ್ಲಿ ಕೇಳಿದರೆ ಹೇಳ್ತಾರೆ ಅಂದೆ.

ಆ ವಿಳಾಸ ನನ್ನ ಮೇಜಿನ ಗಾಜಿನ ಕೆಳಗೇ ಇತ್ತು, ಪುಟ್ಟ. ಟೈಪ್ ಮಾಡಿದ ಚೀಟಿ. ನಾನೇ ಟೈಪ್ ಮಾಡಿ ಇಟ್ಟುಕೊಂಡದ್ದು. ನನ್ನ ಊಟದ ಡಬ್ಬಿ ಅದರ ಮೇಲಿತ್ತು.

ಅವರು ಚೀಲ ಮಡಚಿ ಕಂಕುಳಿಗೆ ಇಟ್ಟುಕೊಂಡು ಹೋದರು. ಆಮೇಲೆ ಬರಲಿಲ್ಲ. ಬೆಂಗಳೂರಿಗೆ ಹೋದರೋ, ಆಫೀಸು ಸಿಕ್ಕಿತೋ, ದುಡ್ಡು ಬಂತೋ, ಒಂದೂ ನನಗೆ ತಿಳಿಯದು. ಯಾರೂ ನನ್ನನ್ನು ಕೇಳಲಿಲ್ಲ. ಯಾರ ಹತ್ತಿರವೂ ಬೈಸಿಕೊಳ್ಳಲಿಲ್ಲ. ನೀನು ಈಗ ದೇವರ ಹತ್ತಿರ ಬೇಡಿಕೊಳ್ತಾ ಇರೋದು ಅದನ್ನೇ ಅಲ್ವಾ? ಯಾರಿಗೂ ಗೊತ್ತಾಗದೇ ಇರಲಿ ಅಂತ. ನನಗೆ ಅದು ಸಿಕ್ಕಿತ್ತು. 25 ವರ್ಷ ಆಗ್ತಾ ಬಂತು. ಬಂಗಾರಪೇಟೆ ಸ್ಟೇಷನ್‌ನಲ್ಲಿ ಮಾರಿಕುಪ್ಪಂ ಕಡೆಯಿಂದ ಬಂದ ರೈಲು ನಿಂತರೆ, ಬೆಂಗಳೂರಿಗೆ ಕೆಲಸಕ್ಕೆ ಹೋಗೋ ಜನರ ಮುಖ ಒಂದೊಂದಾಗಿ ನೋಡ್ತೀನಿ. ಅವರು ಇದ್ದರೂ ಈಗ ಎಂಬತ್ತರ ಹತ್ತಿರ ಇರಬೇಕು. ಆದರೂ ನೋಡ್ತೀನಿ.

ಇದನ್ನೆಲ್ಲ ನಿನ್ನನ್ನು ಹೆದರಿಸೋಕೆ ಬರೀತಿಲ್ಲ. ನಿನ್ನ ಹುಡುಗನ ವಿಷಯ ಇನ್ನೂ ಕೈ ಮೀರಿಲ್ಲ. ಅದಕ್ಕೇ ಇಷ್ಟು ಅವಸರ ನನಗೆ.

ನನ್ನ ಕಾಲದಲ್ಲಿ 1947ರ ಕೈಗಾರಿಕಾ ವಿವಾದ ಕಾಯ್ದೆ. ಈಗ 29 ಕಾಯ್ದೆ ಸೇರಿಸಿ ನಾಲ್ಕು ಸಂಹಿತೆ ಮಾಡಿ 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ಅದರ ಒಳಹೊರಗು ನಿನಗೇ ಚೆನ್ನಾಗಿ ಗೊತ್ತಿರುತ್ತೆ, ನಾನು ಪೇಪರಿನಲ್ಲಿ ಓದಿದವಳು. ಆದರೆ ಒಂದು ವಿಷಯ ಗಮನಕ್ಕೆ ಬಂತು. ಕೆಲಸದಿಂದ ತೆಗೆದವನು ಸಂಧಾನಕ್ಕೆ ಅರ್ಜಿ ಕೊಟ್ಟು 45 ದಿನ ಆದಮೇಲೆ ತಾನೇ ನೇರವಾಗಿ ಕೇಸು ಹಾಕಬಹುದು ಅನ್ನೋದು ಹಳೇ ಕಾಯ್ದೆಯಲ್ಲೂ ಇತ್ತು, ಈಗಲೂ ಇದೆ. ಮುಂಚೆ ಅದಕ್ಕೆ ತೆಗೆದ ದಿನದಿಂದ ಮೂರು ವರ್ಷ ಮುದ್ದತು ಇತ್ತು, ಹೊಸದರಲ್ಲಿ ಎರಡೇ ವರ್ಷ. ಆ ಹುಡುಗ ಇವತ್ತೂ ಮನೆಯಲ್ಲಿ ಕೂತು ಪೋಸ್ಟ್‌ಮ್ಯಾನ್ ದಾರಿ ಕಾಯ್ತಾ ಇರಬಹುದು. ಆಫೀಸಿನಿಂದ ಕಾಗದ ಬರುತ್ತೆ, ಬಂದಾಗ ಹೋಗೋಣ ಅಂತ. ಅವನ ದಿನಗಳು ಹೋಗ್ತಾ ಇವೆ, ನಿನ್ನ ಡ್ರಾಯರ್ ಮುಚ್ಚಿದೆ.

ಬುದ್ಧಿ ಹೇಳೋ ಯೋಗ್ಯತೆ ನನಗಿದೆಯೋ ಇಲ್ಲವೋ, ಮೇಲೆ ಬರೆದದ್ದು ಓದಿ ನೀನೇ ನೋಡು. ನಾನಾಗಿದ್ದರೆ ಕವರ್‌ಗಳನ್ನು ತೆಗೆದು ಕಡತಕ್ಕೆ ಸೇರಿಸುತ್ತಿದ್ದೆ, ಬಿಚ್ಚದೇ, ಮೇಲಿನ ಪೋಸ್ಟಿನ ಷರಾ ಕಾಣೋ ಹಾಗೆ. ಟಿಪ್ಪಣಿ ಹಾಳೆಯಲ್ಲಿ ನಾಲ್ಕು ಸಾಲು ಸಾಕು. ತಾಲ್ಲೂಕು ತಪ್ಪಾಗಿ ನಮೂದಾಗಿದೆ, ಅರ್ಜಿದಾರರಿಗೆ ನೋಟಿಸು ತಲುಪಿಲ್ಲ, ಸರಿಯಾದ ವಿಳಾಸಕ್ಕೆ ಹೊಸ ನೋಟಿಸು ಕಳಿಸಲು ಆದೇಶ ಕೋರಿದೆ, ಅಂತ. 'ತಪ್ಪಾಗಿ ನಮೂದಾಗಿದೆ' ಅಂತ ಬರೆದರೆ ಯಾರು ಮಾಡಿದರು ಅಂತ ತಿಳಿಯಲ್ಲ ಅಲ್ವಾ ಅಂತ ನಿನಗೆ ಅನ್ನಿಸಬಹುದು. 'ನನ್ನಿಂದ' ಅನ್ನೋದು ಸೇರಿಸಿಬಿಡು. ಕೆಳಗೆ ಆ ದಿನದ್ದೇ ತಾರೀಕು ಹಾಕು. ಹಿಂದಿನ ತಾರೀಕು ಹಾಕಿಕೊಡು ಅಂತ ಯಾರಾದರೂ ಹೇಳಿದರೆ ಕೇಳಬೇಡ, ಅದು ಮಾತ್ರ ಬೇಡ.

ಟಿಪ್ಪಣಿ ಟಪಾಲಿನ ಜೊತೆ ಒಳಗೆ ಕಳಿಸದೆ ನೀನೇ ಕೈಯಲ್ಲಿ ಹಿಡಿದು ಹೋದರೆ ಒಳ್ಳೇದು. ಬಾಯಿಂದ ಮೊದಲು ಹೇಳು.

ಅರ್ಜಿಯಲ್ಲಿ ಫೋನ್ ನಂಬರ್ ಬರೆದಿರ್ತಾನಲ್ಲ, ನಮ್ಮ ಕಾಲದಲ್ಲಿ ಅದೂ ಇರಲಿಲ್ಲ. ಸಾಹೇಬರನ್ನು ಕೇಳಿ ಫೋನ್ ಮಾಡಬಹುದೇನೋ. ನಿಮ್ಮ ಕಡೆ ಪದ್ಧತಿ ಹೇಗೋ ನನಗೆ ಸರಿಯಾಗಿ ಹೇಳೋಕಾಗಲ್ಲ. ಹೊಸ ನೋಟಿಸಿನಲ್ಲಿ ತಾಲ್ಲೂಕಿನ ಹೆಸರು ಪೂರ್ತಿ ಬರೆ. ಮು, ಮಾ, ಶ್ರೀ ಅಂತ ಚಿಕ್ಕದು ಮಾಡೋದು ಕೋಲಾರ ಜಿಲ್ಲೆಯಲ್ಲಿ ಎಲ್ಲರಿಗೂ ರೂಢಿ, ಅರ್ಜಿ ತಗೊಳ್ಳುವಾಗಲೇ ಕೌಂಟರ್‌ನಲ್ಲಿ ಕೇಳಿ ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಗುರುತು ಮಾಡಿಕೊಂಡರೆ ಆಯಿತು. ನಾನೂ ಕೊನೆಕೊನೆಗೆ ಹಾಗೆ ಮಾಡ್ತಿದ್ದೆ. ಇದೆಲ್ಲ ಚಿಕ್ಕ ವಿಷಯ, ಓದೋಕೆ ಬೇಜಾರಾಗಬಹುದು, ತಪ್ಪು ತಿಳಿಯಬೇಡ.

ಪ್ರೊಬೇಷನ್ ವಿಷಯ ಮತ್ತೆ ಮತ್ತೆ ಮನಸ್ಸಿಗೆ ಬರ್ತಾ ಇದೆ. ನೀನು ಈ ಕೆಲಸಕ್ಕೆ ಎಷ್ಟು ಸಲ ಪರೀಕ್ಷೆ ಬರೆದೆ ಅಂತ ನನಗೆ ಗೊತ್ತಿಲ್ವಾ? ನಿನಗೆ ಏನೂ ಆಗಲ್ಲ ಅಂತ ಬರೆದುಕೊಡೋಕೆ ನನ್ನಿಂದ ಆಗಲ್ಲ. ಬೈತಾರೆ. ನೋಟಿಸು ಕೊಟ್ಟರೂ ಕೊಡಬಹುದು, ಕೊಟ್ಟರೆ ಉತ್ತರ ಬರೆಯೋಕೆ ನಾನು ಕೂತ್ಕೋತೀನಿ ನಿನ್ನ ಜೊತೆ. ಕೋಲಾರಕ್ಕೆ ಇಲ್ಲಿಂದ ಬಸ್ಸು ಬೇಕಾದಷ್ಟಿವೆ. ಆದರೆ ನೀನು ಆ ಡ್ರಾಯರ್ ಪಕ್ಕದಲ್ಲಿ ಕೂತು ದಿನಾ ಸಂಜೆ ಬೀಗ ಹಾಕಿಕೊಂಡು ಮನೆಗೆ ಹೋಗೋದು, ಒಂದು ದಿನ ಬೀಗ ಹಾಕೋದನ್ನೂ ಮರೆಯೋದು, ಕವರ್ ಇತ್ತು ಅನ್ನೋದೇ ಮರೆಯೋದು, ಅದನ್ನು ನೆನೆಸಿಕೊಂಡರೆ ನನಗೆ ರಾತ್ರಿ ನಿದ್ದೆ ಬರ್ತಿಲ್ಲ.

ಮೊನ್ನೆ ನಿನ್ನ ಕಾಗದ ಓದಿದ ಮೇಲೆ ಒಂದು ಚೀಟಿ ತಗೊಂಡು ಬೆಂಗಳೂರಿನ ಆ ವಿಳಾಸ ನೆನಪಿನಿಂದ ಬರೆದು ನೋಡಿದೆ. ಬೀದಿ, ಕ್ರಾಸು, ಪಿನ್ ಕೋಡ್ ಸಮೇತ ಪೂರ್ತಿ ಬಂತು.

ಸೋಮವಾರ ಬೇಡ, ಸೋಮವಾರ ಸಾಹೇಬರಿಗೆ ಮೀಟಿಂಗ್ ಇರುತ್ತೆ ಅಂತ ಬರೆದಿದ್ದೀಯ. ಮಂಗಳವಾರ ಹೋಗು. ಹೋಗಿ ಬಂದ ಮೇಲೆ ಮೊದಲು ಊಟ ಮಾಡು, ಆಮೇಲೆ ನನಗೆ ಫೋನ್ ಮಾಡು. ಆ ಹುಡುಗನಿಗೆ ಯಾವ ತಾರೀಕು ಕೊಟ್ಟರು ಅಂತ ಹೇಳು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೋತೀನಿ.

ನಿನ್ನ
ದೊಡ್ಡಮ್ಮ