ಅಕ್ಕನ ಫೈಲು ಮತ್ತೆ ತೆರೆಸಿ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರ.

1994ರಲ್ಲಿ ನನ್ನ ಅಕ್ಕ ಗಂಡನ ಮನೆಯ ತೋಟದ ಬಾವಿಯಲ್ಲಿ ಹೆಣವಾಗಿ ಸಿಕ್ಕಳು. ಮದುವೆಯಾಗಿ ಮೂರು ವರ್ಷವೂ ತುಂಬಿರಲಿಲ್ಲ. ಠಾಣೆಯವರು ಯುಡಿಆರ್ (ಅಸಹಜ ಸಾವಿನ ವರದಿ) ಹಾಕಿ, ಹೊಟ್ಟೆನೋವು ತಾಳಲಾರದೆ ಆತ್ಮಹತ್ಯೆ ಅಂತ ಬರೆದು ಕೈತೊಳೆದುಕೊಂಡರು. ಅಕ್ಕನಿಗೆ ಹೊಟ್ಟೆನೋವಿದ್ದಿದ್ದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ತಲೆಯ ಹಿಂದೆ ಗಾಯ ಇದ್ದದ್ದು ಮಾತ್ರ ಅವ್ವನಿಗೆ ಗೊತ್ತು, ಮೈ ತೊಳೆಸಿದ್ದು ಅವಳೇ. ಪಂಚನಾಮೆಯಲ್ಲಿ ಆ ಗಾಯದ ಮಾತೇ ಇಲ್ಲ.

ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಹೀಗೆ ಸತ್ತರೆ ಪೊಲೀಸರಷ್ಟೇ ನೋಡಿ ಮುಗಿಸುವ ಹಾಗಿಲ್ಲ, ತಹಶೀಲ್ದಾರರೋ ಎಸಿಯವರೋ (ಉಪವಿಭಾಗಾಧಿಕಾರಿ) ವಿಚಾರಣೆ ಮಾಡಬೇಕು. ಆಗ ಜಾರಿಯಲ್ಲಿದ್ದ ಸಿಆರ್‌ಪಿಸಿಯ (ಅಪರಾಧ ಪ್ರಕ್ರಿಯಾ ಸಂಹಿತೆ) 174, 176ನೇ ಕಲಂ ನಿಮಗೆ ಗೊತ್ತೇ ಇದೆ. ನಮ್ಮೂರಿಗೆ ಯಾವ ತಹಶೀಲ್ದಾರರೂ ಬರಲಿಲ್ಲ.

ಇಷ್ಟು ವರ್ಷ ಆದಮೇಲೆ ಒಬ್ಬ ಇನ್‌ಸ್ಪೆಕ್ಟರ್ ಆ ಫೈಲನ್ನು ಬಿಚ್ಚಿ ಓದಿದರು. ಅವರೇ ಮನೆಗೆ ಬಂದರು. ಅವ್ವನ ಎದುರು ಕೂತು, ಅವಸರ ಮಾಡದೆ ಹೇಳಿಕೆ ಬರೆದುಕೊಂಡರು, ಬಾವಿಯಿಂದ ಹೆಣ ಎತ್ತಿದವರಲ್ಲಿ ಬದುಕಿರುವವರನ್ನು ಹುಡುಕಿ ಮಾತಾಡಿಸಿದರು, ಶವಪರೀಕ್ಷೆಯ ವರದಿಯಲ್ಲಿ ನೀರು ಕುಡಿದ ಗುರುತೇ ಇಲ್ಲದಿದ್ದರೂ ಮುಳುಗಿ ಸತ್ತಳು ಅಂತ ಯಾಕೆ ಬರೆದರು ಎಂದು ಮೊದಲ ಸಲ ಕೇಳಿದವರೂ ಅವರೇ. ಆಮೇಲೆ ಅವರಿಗೆ ವರ್ಗಾವಣೆ ಆಯಿತು.

ಅವರ ಜಾಗಕ್ಕೆ ಬಂದವರನ್ನು ನೋಡೋಕೆ ಅವ್ವನನ್ನೇ ಕರೆದುಕೊಂಡು ಹೋಗಿದ್ದೆ. ಎಂಬತ್ತು ದಾಟಿದ ಜೀವ, ಮೆಟ್ಟಿಲು ಹತ್ತೋಕೆ ಆಗಲ್ಲ. ಮಧ್ಯಾಹ್ನದವರೆಗೂ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಕರೆದ ಮೇಲೆ ಕೇಳಿದ್ದು ಒಂದೇ ಮಾತು: "ಏನಮ್ಮಾ, ಪರಿಹಾರದ ದುಡ್ಡು ಏನಾದ್ರೂ ಬರುತ್ತೆ ಅಂತ ಯಾರಾದ್ರೂ ಹೇಳಿದ್ರಾ?" ಸಾರ್, ಮಗಳನ್ನು ಕಳೆದುಕೊಂಡ ತಾಯಿಗೆ ಹೀಗೆ ಕೇಳೋದಾ? ಫೈಲು ಎಲ್ಲಿ ಅಂದರೆ ಸಿಗ್ತಿಲ್ಲ ಅಂದರು. ಅಷ್ಟು ದಿನ ಮೇಜಿನ ಮೇಲಿದ್ದ ಫೈಲು ಹೇಗೆ ಸಿಗೋದಿಲ್ಲ?

ಹಳೇದು, ಈಗೇನು ಸಿಗುತ್ತೆ ಅಂತ ದಯವಿಟ್ಟು ನೀವೂ ಹೇಳಬೇಡಿ. ಕೊಲೆಗೆ, ವರದಕ್ಷಿಣೆ ಸಾವಿಗೆ ಕಾಲಮಿತಿ ಇಲ್ಲ. ಪಕ್ಕದ ಕೇರಳವನ್ನೇ ನೋಡಿ. 1992ರಲ್ಲಿ ಕೋಟ್ಟಯಂನ ಕಾನ್ವೆಂಟ್ ಬಾವಿಯಲ್ಲಿ ಸಿಸ್ಟರ್ ಅಭಯಾ ಶವ ಸಿಕ್ಕಿತು. ಅಲ್ಲಿಯ ಪೊಲೀಸರೂ ಕ್ರೈಂ ಬ್ರಾಂಚಿನವರೂ ಆತ್ಮಹತ್ಯೆ ಅಂದರು. ಕೇಸು ಮುಚ್ಚುತ್ತೇವೆ ಅಂತ ಸಿಬಿಐನವರೇ ಕೇಳಿದಾಗಲೂ ಕೋರ್ಟು ಒಪ್ಪಲಿಲ್ಲ. 2008ರಲ್ಲಿ ಬಂಧನ ಆಯಿತು, 2020ರಲ್ಲಿ ತಿರುವನಂತಪುರದ ಸಿಬಿಐ ಕೋರ್ಟು ಇದು ಕೊಲೆ ಅಂತ ತೀರ್ಪು ಕೊಟ್ಟಿತು. ಶಿಕ್ಷೆಯಾದವರು ಹೈಕೋರ್ಟಿಗೆ ಹೋದರು, ಅದು ಅವರ ಹಕ್ಕು. ನಾನು ಹೇಳೋದಿಷ್ಟೇ, 28 ವರ್ಷ ಆದಮೇಲೂ ಸಾಕ್ಷಿಗಳು ಬಂದು ಹೇಳಿದರು, ಕೋರ್ಟು ಕೇಳಿತು. ನಮ್ಮ ಸಾಕ್ಷಿಗಳಿಗೂ ವಯಸ್ಸಾಗಿದೆ ಸಾರ್. ಇನ್ನೆಷ್ಟು ದಿನ ಇರ್ತಾರೆ?

ಭಾವನ ಮನೆಯವರೇ ಕೊಂದರು ಅಂತ ನಾನು ಬರೀತಿಲ್ಲ. ತನಿಖೆ ಮಾಡಿ ಅಂತಿದ್ದೇನೆ, ಅಷ್ಟೇ. ಫೈಲು ಹುಡುಕಿಸಿ. ಕೇಸನ್ನು ಸಿಐಡಿಗೆ ಕೊಡಿ. ಮೊದಲು ಕೈಹಾಕಿದ ಆ ಇನ್‌ಸ್ಪೆಕ್ಟರನ್ನೇ ತನಿಖೆಗೆ ಹಾಕಿ, ಅವರು ಬರೆದುಕೊಂಡ ಹೇಳಿಕೆಗಳು ಎಲ್ಲಿವೆ ಅಂತ ಕೇಳಿ. ನಿಮ್ಮ ಒಂದು ಸಹಿಯಿಂದ ಆಗುವ ಕೆಲಸ ಇದು.

ಅರ್ಜಿ ಸ್ವೀಕರಿಸಲಾಗಿದೆ ಅನ್ನೋ ಕಾಗದ ನಮ್ಮ ಮನೆಯಲ್ಲಿ ಬೇಕಾದಷ್ಟಿದೆ. ಈ ಸಲ ತನಿಖೆಯ ಆದೇಶ ಕಳಿಸಿ. ಅವ್ವ ಇರುವಾಗಲೇ ಕಳಿಸಿ.

ಇಂತಿ,
ಬಾವಿಯಲ್ಲಿ ಸಿಕ್ಕವಳ ತಮ್ಮ